ಸಿಕ್ಕದಲ್ಲಿ ತೂಗಿದ ಮೊಬೈಲು

ಆ ಮೊಬೈಲು ಈಗಲೂ ನಮ್ಮ ಮನೆಯಲ್ಲಿದೆ. ಮಹಡಿಯ ಕೋಣೆಯಲ್ಲಿ, ಹರಿದ ಕಂಬಳಿ ತುಂಬಿಸಿಟ್ಟ ಟ್ರಂಕಿನ ತಳದಲ್ಲಿ. ಹೆಂಡತಿ ಎರಡು ಸಲ ಕೇಳಿದಳು, "ಒಳ್ಳೆಯದೇ ಉಂಟಲ್ಲ, ಯಾರಿಗಾದ್ರೂ ಕೊಡುವ" ಎಂದು. ಬೇಡ ಎಂದೆ. ಕೊಟ್ಟರೆ ತೆಗೆದುಕೊಂಡವರು ಅದನ್ನೇ ಹಿಡಿದುಕೊಂಡು ಇದೇ ಅಂಗಳಕ್ಕೆ ಬರುತ್ತಾರೆ. ಕೋಳಿಗೂಡಿನ ಹಿಂದೆ ಸತ್ತು ಊದಿಕೊಂಡಿದ್ದ ಹೆಗ್ಗಣವನ್ನು ಬಾಲ ಹಿಡಿದು ಎತ್ತಿ ಎಸೆದವನು ನಾನು. ಆಗ ಬಾರದ ಹೇಸಿಗೆ ಈ ಮೊಬೈಲನ್ನು ಕಂಡರೆ ಬರುತ್ತದೆ. ಹೆಗ್ಗಣ ಯಾರಿಗೂ ಏನೂ ಮಾಡಿರಲಿಲ್ಲ.

ನನ್ನ ಕೆಲಸ ಪುಟ ಜೋಡಿಸುವುದು. ಮದುವೆ ಕಾಗದ, ಗೃಹಪ್ರವೇಶದ ಕಾಗದ, ದೇವಸ್ಥಾನದ ಬ್ರಹ್ಮಕಲಶದ ಆಮಂತ್ರಣ, ಶಾಲೆಯ ಸ್ಮರಣ ಸಂಚಿಕೆ, ಸತ್ತವರ ಉತ್ತರಕ್ರಿಯೆಯ ಕಾಗದ ಎಲ್ಲವನ್ನೂ ಮನೆಯ ಕಂಪ್ಯೂಟರಿನಲ್ಲಿ ಮಾಡಿ, ಮೂಡುಬಿದಿರೆಯ ಒಂದು ಪ್ರೆಸ್ಸಿಗೂ ಬಂಟ್ವಾಳದ ಒಂದು ಪ್ರೆಸ್ಸಿಗೂ ಕಳಿಸುತ್ತೇನೆ. ಮನೆ ಇರುವುದು ವಾಮದಪದವಿನಿಂದ ಸ್ವಲ್ಪ ಒಳಗೆ, ಗೇರುಗುಡ್ಡೆಯ ಬುಡದ ತಗ್ಗಿನಲ್ಲಿ. ಗುಡ್ಡೆ ಅಡ್ಡ ನಿಂತಿರುವುದರಿಂದ ಮನೆಯೊಳಗೆ ಯಾವ ಕಂಪನಿಯ ರೇಂಜೂ ಇಲ್ಲ. ಮಹಡಿಯ ಪಡುವಣ ಕಿಟಕಿಯಲ್ಲಿ ಮಾತ್ರ ಒಂದೇ ಒಂದು ಕಂಪನಿಯದ್ದು ಎರಡು ಕಡ್ಡಿ ಕಾಣಿಸುತ್ತದೆ. ಕಿಟಕಿಯಿಂದ ಎರಡು ಹೆಜ್ಜೆ ಈಚೆ ಬಂದರೆ ಅದೂ ಇಲ್ಲ. ಹಾಗಾಗಿ ಊರಿಗೆ ಕಂಬದ ಮೇಲಿನಿಂದ ಫೈಬರ್ ಕೇಬಲ್ ಬಂದಾಗ ನಮ್ಮ ಓಣಿಯಲ್ಲಿ ಮೊದಲು ಹಾಕಿಸಿದವನು ನಾನೇ. ಅದರ ಬಗ್ಗೆ ಸ್ವಲ್ಪ ಹೆಚ್ಚೇ ಜಂಬ ಇತ್ತು ನನಗೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಅಮ್ಮ ಸೊಂಟ ಮುರಿದುಕೊಂಡು ಮಲಗಿದ ಮೇಲೆ ಅವರ ಮಂಚ ಚಾವಡಿಗೆ ಬಂತು. ಜನ ಬಂದುಹೋಗುವ ಜಾಗ, ಮಾತಾಡಲು ಯಾರಾದರೂ ಸಿಗುತ್ತಾರೆ ಎಂದು ಅವರೇ ಕೇಳಿಕೊಂಡದ್ದು. ಆಗ ಗಲ್ಫಿನಲ್ಲಿರುವ ನನ್ನ ತಮ್ಮ ಒಂದು ಕ್ಯಾಮರಾ ಕಳಿಸಿದ. ಮುಷ್ಟಿಯಷ್ಟು ದೊಡ್ಡದು, ಗೋಡೆಯಲ್ಲಿ ಕ್ಯಾಲೆಂಡರಿನ ಪಕ್ಕ ಕೂರಿಸಿದೆವು. ಅವನು ಅಲ್ಲಿಂದಲೇ ಅಮ್ಮನನ್ನು ನೋಡಬಹುದು, ಮಾತಾಡಲೂಬಹುದು. ಬೆಳಿಗ್ಗೆ ಡ್ಯೂಟಿಗೆ ಹೋಗುವ ಮೊದಲು "ಅಮ್ಮಾ" ಎಂದು ಕರೆಯುತ್ತಿದ್ದ. ಅಮ್ಮ ಗೋಡೆಯ ಕಡೆ ತಿರುಗಿ, "ಎಂತ ಮಗ, ಗಂಜಿ ಕುಡಿದಾಯ್ತಾ?" ಎನ್ನುತ್ತಿದ್ದರು. ಗೊತ್ತಿಲ್ಲದವರು ಬಂದರೆ ಮುದುಕಿಗೆ ತಲೆ ಸರಿ ಇಲ್ಲ ಎಂದುಕೊಳ್ಳುತ್ತಿದ್ದರು. ತಮ್ಮ ನನಗೂ ಫೋನು ಮಾಡುತ್ತಿದ್ದ, "ಅಣ್ಣ, ಅಮ್ಮನ ಚಾದರ ಕೆಳಗೆ ಬಿದ್ದಿದೆ ನೋಡು." ಸಮುದ್ರದ ಆಚೆ ಕೂತು ನನಗೆ ಚಾದರ ಹೊದೆಸಲು ಹೇಳುತ್ತಾನೆ ಎಂದು ಸಿಟ್ಟು ಬರುತ್ತಿತ್ತು. ಹೊದೆಸುತ್ತಿದ್ದೆ.

ಮನೆಗೆ ಯಾರೇ ಬರಲಿ, ಮೊದಲು ಒಂದು ತಂಬಿಗೆ ನೀರು, ಒಂದು ತುಂಡು ಬೆಲ್ಲ. ಇದು ನಮ್ಮ ಕಡೆಯ ಕ್ರಮ. ಅಮ್ಮನಿಗಂತೂ ಅದು ತಪ್ಪಲೇಬಾರದು. ಮಲಗಿದಲ್ಲಿಂದ ಏಳಲಾಗದಿದ್ದರೂ, "ಬೆಲ್ಲ ನೀರು ಕೊಟ್ರಾ?" ಎಂದು ಒಳಗೆ ಕೇಳುವ ಹಾಗೆ ಕೂಗುತ್ತಿದ್ದರು. ಫೈಬರ್ ಬಂದ ಮೇಲೆ ಬಂದವರು ಬೆಲ್ಲ ಬಾಯಿಗೆ ಹಾಕಿಕೊಳ್ಳುತ್ತಲೇ ಮೊಬೈಲು ತೆಗೆದು, "ಇಲ್ಲಿ ರೇಂಜ್ ಇಲ್ಲಲ್ಲ, ವೈಫೈ ಉಂಟಾ?" ಎನ್ನತೊಡಗಿದರು. ನಾನು ಎದೆ ಉಬ್ಬಿಸಿ ಪಾಸ್‌ವರ್ಡ್ ಹೇಳುತ್ತಿದ್ದೆ. ಇಂಗ್ಲಿಷ್ ಅಕ್ಷರದಲ್ಲಿ ಬೆಲ್ಲನೀರು, ಒಂದೇ ಪದ. ಕೇಳಿದವರೆಲ್ಲ ನಗುತ್ತಿದ್ದರು, ಒಂದೇ ಸಲಕ್ಕೆ ನೆನಪಿಟ್ಟುಕೊಳ್ಳುತ್ತಿದ್ದರು. ನೆಂಟರು, ನೆಂಟರ ಮಕ್ಕಳು, ಭಜನೆಯವರು, ವಂತಿಗೆಗೆ ಬಂದವರು, ಬಾವಿಯ ಪಂಪು ಸರಿಮಾಡಲು ಬಂದವನು, ಯಾರಿಗೂ ಇಲ್ಲ ಎಂದದ್ದಿಲ್ಲ. ಒಮ್ಮೆ ಕೊಟ್ಟರೆ ಆಯಿತು, ಅವರ ಮೊಬೈಲು ಅದನ್ನು ಮರೆಯುವುದಿಲ್ಲ. ಮುಂದಿನ ಸಲ ಅಂಗಳಕ್ಕೆ ಕಾಲಿಡುವಾಗಲೇ ಕೇಳದೆ ಹಿಡಿದುಕೊಳ್ಳುತ್ತದೆ.

ಫೈಬರ್ ಬಂದದ್ದೇನೋ ಹೌದು, ನಿಂತದ್ದು ಕಡಿಮೆ. ತೆಂಗಿನ ಮಡಲು ಬಿದ್ದರೆ ಹೋಯಿತು, ಮಂಗ ಜೋತಾಡಿದರೆ ಹೋಯಿತು, ಮರಳಿನ ಲಾರಿ ಎತ್ತರ ಹೇರಿಕೊಂಡು ಬಂದರೆ ಹೋಯಿತು. ಕಂಪನಿಗೆ ಫೋನು ಮಾಡಿದರೆ ಒಂದು ಹೆಣ್ಣು ಧ್ವನಿ, ನಿಮ್ಮ ಕರೆ ನಮಗೆ ಅಮೂಲ್ಯ ಎಂದು ಹತ್ತು ನಿಮಿಷ ಹೇಳಿ ತಾನೇ ಕಡಿದುಕೊಳ್ಳುತ್ತದೆ. ಆ ದನಿ ಕೇಳಿದರೆ ಈಗಲೂ ನನಗೆ ಮೈ ಉರಿಯುತ್ತದೆ. ಒಂದು ಸಲ ಬ್ರಹ್ಮಕಲಶದ ಆಮಂತ್ರಣ ಸಮಯಕ್ಕೆ ಕಳಿಸಲಾಗದೆ ಮೂಡುಬಿದಿರೆಯ ಪ್ರೆಸ್ಸಿನವರಿಂದ ಬೈಸಿಕೊಂಡೆ. ತಮ್ಮನೂ ಅಲ್ಲಿಂದ ತಗಾದೆ ಮಾಡಿದ, "ಅಣ್ಣ, ಕ್ಯಾಮರಾ ಹೋದ್ರೆ ನನಗೆ ಇಲ್ಲಿ ಕೂತ್ಕೊಳ್ಳಿಕ್ಕೆ ಆಗೂದಿಲ್ಲ. ಬೇರೆ ಎಂತಾದ್ರೂ ವ್ಯವಸ್ಥೆ ಮಾಡು" ಎಂದು.

ವ್ಯವಸ್ಥೆ ಹೇಳಿಕೊಟ್ಟವನು ಕೇಬಲ್ ಸರಿಮಾಡಲು ಬರುವವನು. ಕಂಬದಿಂದ ಇಳಿದು, ನೀರು ಕುಡಿದು, ಬೆಲ್ಲ ಜಗಿಯುತ್ತ ಹೇಳಿದ, "ನೋಡಿ ಅಣ್ಣ, ಒಂದು ಮೊಬೈಲು ಬೇರೆಯೇ ತೆಗೀರಿ. ಮಹಡಿಯ ಕಿಟಕಿಯಲ್ಲಿ ಇಟ್ಟು ಅದರಿಂದ ಹಾಟ್‌ಸ್ಪಾಟ್ ಬಿಡಿ, ಕೆಳಗೆ ಚಾವಡಿಗೂ ಬರ್ತದೆ. ಹೆಸರು, ಪಾಸ್‌ವರ್ಡ್ ಮಾತ್ರ ಈ ಮೋಡೆಮ್ಮಿದ್ದೇ ಇಡಿ. ಫೈಬರ್ ಹೋದದ್ದೇ ನಿಮ್ಮ ಕಂಪ್ಯೂಟರು, ಕ್ಯಾಮರಾ ಎಲ್ಲ ಅದರಷ್ಟಕ್ಕೇ ಮೊಬೈಲನ್ನು ಹಿಡ್ಕೊಳ್ತದೆ. ನೀವು ಎಂತ ಮಾಡ್ಲಿಕ್ಕೂ ಇಲ್ಲ."

ಬುದ್ಧಿವಂತಿಕೆ ಎಂದರೆ ಇದು ಎಂದುಕೊಂಡೆ. ಮೊಬೈಲು ತಂದೆ, ದಿನಕ್ಕೆ ಒಂದೂವರೆ ಜಿಬಿಯ ಸಿಮ್ಮು ಹಾಕಿಸಿದೆ. ಕಿಟಕಿಯ ದಂಡೆ ಇಳಿಜಾರು, ಇಟ್ಟರೆ ಜಾರುತ್ತದೆ. ಅಮ್ಮ ಹಿಂದೆ ಮಜ್ಜಿಗೆಯ ಮಡಕೆ ತೂಗಿಸುತ್ತಿದ್ದ ತೆಂಗಿನ ಹಗ್ಗದ ನೆಲುವು, ನಮ್ಮ ಕಡೆಯ ಸಿಕ್ಕ, ಒಂದು ಅಟ್ಟದಲ್ಲಿತ್ತು. ಅದನ್ನು ಕಿಟಕಿಯ ಸರಳಿಗೆ ಕಟ್ಟಿ, ಒಳಗೆ ಮೊಬೈಲನ್ನು ಕೂರಿಸಿ, ಚಾರ್ಜರಿನ ವಯರು ಎಳೆದೆ. ಅಮ್ಮನಿಗೆ ಹೇಳಿದಾಗ ಅವರು ನಕ್ಕರು. "ಮಜ್ಜಿಗೆಯಾದ್ರೆ ಬೆಕ್ಕು ಮುಟ್ಟಬಾರ್ದು ಅಂತ ತೂಗಿಸಿದ್ದು. ಇದನ್ನು ಯಾರು ಮುಟ್ಟಬಾರ್ದು ಅಂತ?" ಎಂದು ಕೇಳಿದರು. ನಾನೂ ನಕ್ಕೆ.

ಕಂಪ್ಯೂಟರು, ಕ್ಯಾಮರಾ ತಾವಾಗಿ ಹಿಡಿದುಕೊಳ್ಳುವುದಾದರೆ, ಹಿಂದೆ ಪಾಸ್‌ವರ್ಡ್ ತೆಗೆದುಕೊಂಡ ಊರಿನ ಮೊಬೈಲುಗಳೆಲ್ಲ ಕೂಡ ತಾವಾಗಿ ಹಿಡಿದುಕೊಳ್ಳುತ್ತವೆ. ಇದು ಆ ಕೇಬಲಿನವನಿಗೆ ಹೊಳೆಯಲಿಲ್ಲ, ಅವನ ಹೊಟ್ಟೆಪಾಡು ಅದಲ್ಲ. ಸಾವಿರಾರು ಪುಟ ಜೋಡಿಸಿದ ನನಗೂ ಹೊಳೆಯಲಿಲ್ಲ. ಎರಡು ಸಲ ಫೈಬರ್ ಹೋದಾಗ ಮನೆಯಲ್ಲಿ ನೆಂಟರು ಇರಲಿಲ್ಲ, ಎಲ್ಲ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನಡೆಯಿತು. ಭೇಷ್ ಎಂದುಕೊಂಡು ಕೂತೆ.

ಮೂರನೆಯ ಸಲ ಹೋದದ್ದು ಬೇಸಿಗೆಯ ಒಂದು ಸಂಜೆ. ರಸ್ತೆ ಅಗಲ ಮಾಡುವ ಜೆಸಿಬಿ ಒಂದು ಕಂಬವನ್ನೇ ಕೆಡವಿತ್ತು. ಕೇಬಲಿನವನು, "ಬೆಳ್ತಂಗಡಿ ಕಡೆ ಇದ್ದೇನೆ ಅಣ್ಣ, ನಾಳೆ ಬರ್ತೇನೆ" ಎಂದ. ಪರವಾಗಿಲ್ಲ, ಸಿಕ್ಕದಲ್ಲಿ ಮೊಬೈಲಿದೆಯಲ್ಲ ಎಂದು ನಾನು ಧೈರ್ಯವಾಗಿ ಮಲಗಿದೆ.

ಬೆಳಿಗ್ಗೆ ಹೆಂಡತಿ ಬಿಸಿನೀರು ಹಿಡಿದುಕೊಂಡು ಅಮ್ಮನ ಮಂಚದ ಹತ್ತಿರ ಹೋದವಳು ನನ್ನನ್ನು ಕರೆದಳು. ಅವಳು ಕರೆದ ರೀತಿಯಲ್ಲೇ ಗೊತ್ತಾಯಿತು. ಅಮ್ಮ ನಿದ್ದೆಯಲ್ಲೇ ಹೋಗಿದ್ದರು. ಮುಖದಲ್ಲಿ ಏನೂ ಕಷ್ಟವಿರಲಿಲ್ಲ. ಚಾದರ ಅರ್ಧ ಕೆಳಗೆ ಜಾರಿತ್ತು. ಎತ್ತಿ ಹೊದೆಸಿದೆ.

ಮಹಡಿಗೆ ಹೋಗಿ, ಸಿಕ್ಕದಿಂದ ಮೊಬೈಲು ತೆಗೆದು ತಮ್ಮನಿಗೆ ಫೋನು ಮಾಡಿದೆ.  ಅವನು ಹೇಳಿದ, ವೀಸಾ ಹೊಸತು ಮಾಡಲು ಪಾಸ್‌ಪೋರ್ಟ್ ಕಂಪನಿಯ ಕೈಯಲ್ಲಿದೆ, ನಾಲ್ಕು ದಿನ ಸಿಗುವುದಿಲ್ಲ ಎಂದು. ನಾಲ್ಕು ದಿನ ಯಾರು ಕಾಯುತ್ತಾರೆ, ಅದೂ ಆ ಸೆಕೆಯಲ್ಲಿ. ಅವನಿಗೂ ಗೊತ್ತಿತ್ತು.

"ಅಣ್ಣ, ಬಾಯಿಗೆ ನೀರು ಬಿಡುವಾಗ ನಾನು ನೋಡ್ಬೇಕು."

ನಮ್ಮಲ್ಲಿ ಹೆಣ ಎತ್ತುವ ಮೊದಲು ಮಕ್ಕಳು, ಮೊಮ್ಮಕ್ಕಳು, ಒಡಹುಟ್ಟಿದವರು ಒಬ್ಬೊಬ್ಬರಾಗಿ ತುಳಸಿ ಎಲೆಯಲ್ಲಿ ಎರಡು ಹನಿ ನೀರು ಸತ್ತವರ ಬಾಯಿಗೆ ಬಿಡುತ್ತೇವೆ. ಊರಲ್ಲಿ ಇಲ್ಲದವರ ಹೆಸರು ಹೇಳಿ ಬೇರೆ ಯಾರಾದರೂ ಬಿಡುತ್ತಾರೆ.

"ನಿನ್ನ ಹೆಸರಲ್ಲಿ ನಾನು ಬಿಡ್ತೇನೆ. ಫೋಟೋ ಕಳಿಸ್ತೇನೆ" ಎಂದೆ.

"ಫೋಟೋ ಬೇಡ ಅಣ್ಣ. ಫೋಟೋ ನನ್ನ ಹತ್ರ ಬೇಕಾದಷ್ಟು ಉಂಟು. ಬಿಡುವಾಗ ನಾನು ಅಲ್ಲಿ ಇರ್ಬೇಕು. ಕ್ಯಾಮರಾದಲ್ಲಾದ್ರೂ, ವಿಡಿಯೋ ಕಾಲಲ್ಲಾದ್ರೂ. ಒಂದು ಸಲ ಅಮ್ಮಾ ಅಂತ ಕರೀಬೇಕು. ಅಷ್ಟೇ."

ಮಾಡಿಸುತ್ತೇನೆ ಎಂದು ಮಾತು ಕೊಟ್ಟೆ. ಗಲ್ಫಿಗೆ ಹೋದ ಇಪ್ಪತ್ತು ವರ್ಷಗಳಲ್ಲಿ ಅವನು ತನಗಾಗಿ ನನ್ನಲ್ಲಿ ಕೇಳಿದ್ದೇ ಕಡಿಮೆ. ಮೊಬೈಲನ್ನು ಮತ್ತೆ ಸಿಕ್ಕದಲ್ಲಿ ಕೂರಿಸಿ ಕೆಳಗೆ ಬಂದೆ.

ಹತ್ತು ಗಂಟೆಯ ಹೊತ್ತಿಗೆ ಅಂಗಳ ತುಂಬಿತು. ಶಾಮಿಯಾನದವನು ಕೆಂಪು ಕುರ್ಚಿ ಇಳಿಸಿದ. ಬಂದವರು ಅಮ್ಮನ ಕಾಲ ಬಳಿ ನಿಂತು ಕೈ ಮುಗಿಯುತ್ತಾರೆ, ನನ್ನ ಭುಜ ಮುಟ್ಟಿ "ಪುಣ್ಯದ ಸಾವು" ಎನ್ನುತ್ತಾರೆ, ಹೋಗಿ ಕುರ್ಚಿಯಲ್ಲಿ ಕೂರುತ್ತಾರೆ. ಕೂತ ಮೇಲೆ ಕೈ ಕಿಸೆಗೆ ಹೋಗುತ್ತದೆ. ನಾನು ಚಾವಡಿಯ ಮೆಟ್ಟಿಲಲ್ಲಿ ನಿಂತು ನೋಡುತ್ತಿದ್ದೆ. ಸಾಲಿಗೆ ಸಾಲು ತಲೆಗಳು ಬಗ್ಗಿದ್ದವು. ದುಃಖಕ್ಕೆ ಬಗ್ಗಿದ್ದೆಂದು ಮೊದಲು ಅಂದುಕೊಂಡೆ, ನಾನೆಂಥ ಪೆದ್ದ. ಒಬ್ಬನ ಮೊಬೈಲಿನಿಂದ ಯಾವುದೋ ಹಾಸ್ಯದ ವಿಡಿಯೋದ ನಗು ಕೇಳಿಸಿತು. ಅವನು ಗಡಬಡಿಸಿ ಸದ್ದು ಆರಿಸಿದ. ವಿಡಿಯೋ ಆರಿಸಲಿಲ್ಲ.

ತೋಡಾರಿನಿಂದ ನನ್ನ ಹೆಂಡತಿಯ ಅಣ್ಣ ಬಂದರು. ಅಮ್ಮನ ಮುಂದೆ ಕಣ್ಣು ಒರೆಸಿಕೊಂಡರು, ನಾಟಕವಲ್ಲ, ಅಮ್ಮನ ಮೇಲೆ ಅವರಿಗೆ ಪ್ರೀತಿಯಿತ್ತು. ಆಮೇಲೆ ನನ್ನನ್ನು ಬದಿಗೆ ಕರೆದರು. ಕಟ್ಟಿಗೆಯ ವಿಚಾರ ಕೇಳುತ್ತಾರೆ ಎಂದುಕೊಂಡು ಹೋದೆ.

"ವೈಫೈ ಸ್ವಲ್ಪ ಸ್ಲೋ ಉಂಟಲ್ಲ ಭಾವ" ಎಂದರು.

  ಚಾವಡಿಯಲ್ಲಿ ನನ್ನ ತಾಯಿ ಬಾಳೆಲೆಯ ಮೇಲೆ ಮಲಗಿದ್ದಾರೆ, ತಲೆಯ ಹತ್ತಿರ ತೆಂಗಿನಕಾಯಿಯ ಕಡಿಯಲ್ಲಿ ದೀಪ ಉರಿಯುತ್ತಿದೆ, ಈ ಮನುಷ್ಯನಿಗೆ ವೈಫೈ ಸ್ಲೋ. ಹೆಂಡತಿಯ ಅಣ್ಣ ಎಂದು ಸುಮ್ಮನಾದೆ. ಆಗಲೇ ನನಗೆ ತಲೆಗೆ ಹೋಗಬೇಕಿತ್ತು, ಹೋಗಲಿಲ್ಲ.

ಸೋದರಮಾವ ಕಕ್ಕಿಂಜೆಯಿಂದ ಬಂದ ಮೇಲೆ ಯಜಮಾನಿಕೆ ಅವರದ್ದಾಯಿತು. ಅಮ್ಮನ ತಮ್ಮ, ಎಂಬತ್ತು ದಾಟಿದವರು, ನಮ್ಮ ಕುಟುಂಬದಲ್ಲಿ ಅವರ ಮಾತಿಗೆ ಎದುರಿಲ್ಲ. ಅಕ್ಕನ ಹಣೆ ಸವರಿ ಸ್ವಲ್ಪ ಹೊತ್ತು ಕೂತು, ಎದ್ದು ನನ್ನನ್ನು ಕರೆದು ಹೇಳಿದರು, "ಹನ್ನೊಂದೂವರೆಗೆ ನೀರು ಬಿಡುವ. ಹನ್ನೆರಡರ ಒಳಗೆ ಎತ್ಬೇಕು. ಸೆಕೆ ಎಷ್ಟುಂಟು ನೋಡು."

ತಮ್ಮನ ಆಸೆಯನ್ನು ಹೇಳಿದೆ. "ಆಗ್ಲಿ, ನೋಡ್ಲಿ ಪಾಪ. ಆದ್ರೆ ಹೊತ್ತು ಮೀರಿಸ್ಬೇಡ" ಎಂದರು.

ಹನ್ನೊಂದು ಕಾಲಿಗೆ ಗೋಡೆಯ ಕ್ಯಾಮರಾ ನೋಡಿದೆ. ಕೆಂಪು ದೀಪ ಮಿಣುಕುತ್ತಿತ್ತು. ನೆಟ್ ಇಲ್ಲದಾಗ ಅದು ಹಾಗೆ ಮಿಣುಕುವುದು. ಹೆಂಡತಿಯ ಮೊಬೈಲು ತೆಗೆದುಕೊಂಡು ತಮ್ಮನಿಗೆ ವಿಡಿಯೋ ಕಾಲ್ ಮಾಡಲು ನೋಡಿದೆ. ಅದೂ ಹಿಡಿಯಲಿಲ್ಲ. ಮಹಡಿಗೆ ಓಡಿದೆ. ಸಿಕ್ಕದ ಮೊಬೈಲಿನಲ್ಲಿ ಬರೆದಿತ್ತು, ಹತ್ತು ಸಾಧನಗಳು ಸೇರಿವೆ ಎಂದು. ಆ ಮೊಬೈಲು ಒಂದು ಸಲಕ್ಕೆ ಹತ್ತರ ಮೇಲೆ ಒಂದನ್ನೂ ಒಳಗೆ ಬಿಡುವುದಿಲ್ಲ. ಹತ್ತೂ ಅಂಗಳದವು. ಮನೆಯ ಕ್ಯಾಮರಾ ಹೊರಗೆ, ಮನೆಯೊಡತಿಯ ಮೊಬೈಲು ಹೊರಗೆ. ಆಗ ಎಲ್ಲ ಒಮ್ಮೆಲೇ ಅರ್ಥವಾಯಿತು. 

ಹಾಟ್‌ಸ್ಪಾಟ್ ಆರಿಸಿ ಮತ್ತೆ ಹಾಕಿದೆ. ಕಣ್ಣೆದುರೇ ಒಂದು, ಮೂರು, ಏಳು, ಹತ್ತು. ಅನ್ನದ ಅಗುಳಿಗೆ ಇರುವೆ ಬಂದಷ್ಟು ಹೊತ್ತೂ ಬೇಕಾಗಲಿಲ್ಲ. ಕೆಳಗೆ ಬಂದು ಅಂಗಳದಲ್ಲಿ ನಿಂತು, ಕೈ ಮುಗಿದು ಹೇಳಿದೆ, ತಮ್ಮನಿಗೆ ತಾಯಿಯ ಮುಖ ತೋರಿಸಬೇಕು, ದಯವಿಟ್ಟು ಎಲ್ಲರೂ ಸ್ವಲ್ಪ ಹೊತ್ತು ವೈಫೈ ಬಂದ್ ಮಾಡಿ ಎಂದು.

ಎಲ್ಲರೂ ತಲೆ ಎತ್ತಿ ನನ್ನನ್ನು ನೋಡಿದರು, ಆಮೇಲೆ ಒಬ್ಬರನ್ನೊಬ್ಬರು ನೋಡಿಕೊಂಡರು.

"ನಾನು ಮುಟ್ಲೇ ಇಲ್ಲ ಮಾರಾಯ" ಎಂದರು ಒಬ್ಬರು, ಮೊಬೈಲು ಕೈಯಲ್ಲೇ ಇತ್ತು. "ನನ್ನದು ಬರೀ ಮೆಸೇಜು" ಎಂದರು ಇನ್ನೊಬ್ಬರು. "ಅದು ತನ್ನಷ್ಟಕ್ಕೇ ಹಿಡಿದದ್ದು, ನಾವೆಂತ ಮಾಡ್ಲಿಕ್ಕಾಗ್ತದೆ?" ಎಂದ ಮತ್ತೊಬ್ಬ. ನಾಲ್ಕು ಜನ ಬಂದ್ ಮಾಡಿದಂತೆ ಬೆರಳಾಡಿಸಿದರು. ನಾನು ತಿರುಗಿ ಮೆಟ್ಟಿಲು ಹತ್ತುವಷ್ಟರಲ್ಲಿ ತಲೆಗಳು ಮತ್ತೆ ಬಗ್ಗಿದ್ದವು. ಊರಿಗೆ ಉಪಕಾರ ಮಾಡಬಾರದು, ಹೆಣಕ್ಕೆ ಶೃಂಗಾರ ಮಾಡಬಾರದು ಎಂಬ ಗಾದೆಯನ್ನು ಅಮ್ಮನೇ ಹೇಳುತ್ತಿದ್ದರು. ಆ ದಿನ ಎರಡನ್ನೂ ನಾನೇ ಮಾಡಿದ್ದೆ.

ಮೇಲೆ ಹೋಗಿ ಪಾಸ್‌ವರ್ಡನ್ನೇ ಬದಲಾಯಿಸಿದೆ. ಮೂರು ಸಲ ತಪ್ಪು ಬರೆದೆ. ಕೊನೆಗೆ ಹೆಂಡತಿಯ ಮೊಬೈಲು ಒಂದೇ ಅದರಲ್ಲಿ ಸೇರಿತು. ಕಾಲ್ ಹೋಯಿತು. ತಮ್ಮ ಕಾದೇ ಕೂತಿದ್ದ. ಯಾವುದೋ ಗೋದಾಮು, ಹಿಂದೆ ಪೆಟ್ಟಿಗೆಗಳ ರಾಶಿ, ಅವನ ತಲೆಯಲ್ಲಿ ಕಂಪನಿಯ ಟೊಪ್ಪಿ. ನನ್ನನ್ನು ಕಂಡದ್ದೇ ಟೊಪ್ಪಿ ತೆಗೆದ.

"ಅಮ್ಮನ ಹತ್ರ ಹೋಗು ಅಣ್ಣ" ಎಂದ.

ಮೆಟ್ಟಿಲು ಇಳಿದೆ. ಚಾವಡಿಯ ಬಾಗಿಲಿಗೆ ಬರುವಾಗ ಅವನ ಮುಖ ಹಾಗೆಯೇ ನಿಂತಿತು, ಬಾಯಿ ಅರ್ಧ ತೆರೆದು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮತ್ತೆ ಮೇಲೆ ಓಡಿದೆ. ಮೊಬೈಲಿನಲ್ಲಿ ಕಂಪನಿಯ ಮೆಸೇಜು ಬಂದು ಕೂತಿತ್ತು, ಈ ದಿನದ ಡೇಟಾ ಪೂರ್ತಿ ಮುಗಿದಿದೆ ಎಂದು. ಕೊನೆಗೆ ಎರಡು ಹೂವಿನ ಚಿತ್ರ. ಎರಡು ಗಂಟೆಯೊಳಗೆ ಒಂದೂವರೆ ಜಿಬಿಯನ್ನು ನನ್ನ ತಾಯಿಯ ಸಾವಿಗೆ ಬಂದವರು ತಿಂದು ಮುಗಿಸಿದ್ದರು. ಊಟ ಹಾಕಿದ್ದರೆ ಇಷ್ಟು ಬೇಗ ಮುಗಿಯುತ್ತಿರಲಿಲ್ಲ.

ವಾಮದಪದವಿನಲ್ಲಿ ಅಂಗಡಿ ಇಟ್ಟಿರುವ, ರೀಚಾರ್ಜ್ ಮಾಡಿಕೊಡುವ ಬ್ಯಾರಿ ಕಾಕ ಅಂಗಡಿ ಮುಚ್ಚಿ ಬಂದು ಅಂಗಳದ ತುದಿಯಲ್ಲಿ ನಿಂತಿದ್ದರು. ಅವರನ್ನು ಮೇಲೆ ಕರೆಸಿಕೊಂಡೆ. ಅವರ ಮೊಬೈಲು ಬೇರೆ ಕಂಪನಿಯದ್ದು, ಆ ಕಿಟಕಿಯಲ್ಲಿ ಅದಕ್ಕೆ ರೇಂಜಿಲ್ಲ. ಸಿಕ್ಕದ ಮೊಬೈಲಿನಲ್ಲೇ ಡೇಟಾ ಹಾಕಿಸಲು ನೋಡಿದೆವು. ಡೇಟಾ ಹಾಕಿಸಲು ಡೇಟಾ ಬೇಕು. ಉಳಿದಿದ್ದ ನೂಲಿನಂಥ ಸ್ಪೀಡಿನಲ್ಲಿ ಚಕ್ರ ತಿರುಗುತ್ತಲೇ ಇತ್ತು.

ಕೆಳಗಿನಿಂದ ಹೆಂಡತಿ ಕರೆದಳು, "ಬನ್ನಿ, ನೀರು ಬಿಡ್ಲಿಕ್ಕೆ ಮಾವ ಕರೀತಾರೆ."

"ಒಂದು ನಿಮಿಷ" ಎಂದೆ.

ಚಕ್ರ ತಿರುಗಿತು. ಮತ್ತೆ ಕರೆದಳು. ಮತ್ತೆ ಒಂದು ನಿಮಿಷ ಎಂದೆ. ಕಾಕ ನನ್ನ ಮೊಣಕೈ ಹಿಡಿದರು.

"ಮಾರಾಯ್ರೆ, ಇದನ್ನು ನನ್ನ ಕೈಗೆ ಕೊಡಿ. ನೀವು ಹೋಗಿ ತಾಯಿಯ ಹತ್ರ ನಿಲ್ಲಿ. ನನ್ನ ಮೂರು ಮಕ್ಕಳೂ ಗಲ್ಫಲ್ಲೇ ಇರೂದು, ನನಗೆ ಗೊತ್ತುಂಟು. ನೋಡ್ಲಿಕ್ಕೆ ಆಗದಿದ್ರೆ ಅವರು ಅಳ್ತಾರೆ, ಆಮೇಲೆ ತಡ್ಕೊಳ್ತಾರೆ."

"ನಿಮಗೆ ಗೊತ್ತಾಗೂದಿಲ್ಲ ಕಾಕ, ಸುಮ್ಮನಿರಿ" ಎಂದು ಗದರಿದೆ. ಹಿರಿಯರು, ಅಂಗಡಿ ಮುಚ್ಚಿ ಬಂದವರು, ಅವರಿಗೆ ಹಾಗೆ ಹೇಳಿದೆ. ಅವರು ಕೈ ಬಿಟ್ಟು ಕಿಟಕಿಯ ಹೊರಗೆ ನೋಡುತ್ತ ನಿಂತರು. ಮೂರನೆಯ ಸಲ ಹೆಂಡತಿಯ ದನಿಯಲ್ಲಿ ಸಿಟ್ಟಿತ್ತು. ಬಂದೆ ಬಂದೆ ಎಂದೆ. ಬೆರಳು ಮೊಬೈಲಿನ ಮೇಲೆಯೇ ಇತ್ತು.

ಕೊನೆಗೂ ಡೇಟಾ ಬಂತು. ಹೆಂಡತಿಯ ಮೊಬೈಲು ಎತ್ತಿಕೊಂಡೆ. ಕಾಲ್ ಹೋಯಿತು. ತಮ್ಮನ ಮುಖ ಗಾಜಿನ ಹಾಗೆ ಸ್ಪಷ್ಟ. ಅವನನ್ನು ಹಿಡಿದುಕೊಂಡು ಎರಡೆರಡು ಮೆಟ್ಟಿಲು ಹಾರಿ ಇಳಿದೆ. ಚಾವಡಿಯಲ್ಲಿ ಅಮ್ಮನ ಮುಖದ ಮೇಲೆ ಬಿಳಿ ಬಟ್ಟೆ ಬಂದಾಗಿತ್ತು. ಕಾಲಿನ ಕಡೆ ಹಗ್ಗ ಬಿಗಿಯುತ್ತಿದ್ದರು. ತುಳಸಿಯ ತಟ್ಟೆ ಬದಿಗೆ ಸರಿದಿತ್ತು, ತಂಬಿಗೆ ಖಾಲಿಯಾಗಿತ್ತು.

ಮೊಬೈಲನ್ನು ಎದೆಗೆ ಒತ್ತಿ ಹಿಡಿದು, "ಮಾವ, ಒಂದು ಸಲ ತೆಗೀರಿ. ಅವ ಲೈನಲ್ಲಿ ಇದ್ದಾನೆ" ಎಂದೆ.

"ಮುಚ್ಚಿದ ಮೇಲೆ ತೆಗೀಲಿಕ್ಕಿಲ್ಲ" ಎಂದರು ಮಾವ. ಸಿಟ್ಟಿನಿಂದ ಹೇಳಲಿಲ್ಲ. "ಮೂರು ಸಲ ಕರೆಸಿದೆ. ಊರಲ್ಲಿ ಇಲ್ಲದವರ ಹೆಸರಲ್ಲಿ ನಾನು ಬಿಟ್ಟೆ. ಅವನದ್ದೊಂದು, ನಿನ್ನದೊಂದು."

ಅಂಗಳದಲ್ಲಿ ಎಲ್ಲರೂ ಎದ್ದು ನಿಂತಿದ್ದರು. ಆಗ ಯಾರ ಕೈಯಲ್ಲೂ ಮೊಬೈಲು ಇರಲಿಲ್ಲ. ನನ್ನ ಕೈಯಲ್ಲಿ ಮಾತ್ರ ಇತ್ತು.

ಎದೆಯ ಹತ್ತಿರದಿಂದ ತಮ್ಮನ ದನಿ ಬರುತ್ತಿತ್ತು, "ಅಣ್ಣ, ಆಯ್ತಾ? ಬಿಟ್ಟಾಯ್ತಾ ಅಣ್ಣ?" ಒಳಗಿನ ಕೋಣೆಗೆ ಹೋಗಿ, ಮೊಬೈಲನ್ನು ನನ್ನ ಮುಖಕ್ಕೆ ಹಿಡಿದು ಹೇಳಿದೆ, "ಆಯ್ತು ಮಾರಾಯ. ನೆಟ್ ಹೋಗಿತ್ತು. ನಿನ್ನ ಹೆಸರಲ್ಲಿ ನಾನೇ ಬಿಟ್ಟೆ, ನಾನೂ ಬಿಟ್ಟೆ." ಸುಳ್ಳು ಎಷ್ಟು ಸಲೀಸಾಗಿ ಬಂತು ಎಂದರೆ ನನಗೇ ಆಶ್ಚರ್ಯವಾಯಿತು. ಅವನು ಟೊಪ್ಪಿಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಆಮೇಲೆ, "ನೀನಾದ್ರೂ ಹತ್ರ ಇದ್ದಿಯಲ್ಲ ಅಣ್ಣ. ಅಷ್ಟು ಸಾಕು" ಎಂದ.

ಹಿತ್ತಿಲಿನ ಆಚೆ ಅಮ್ಮನ ಚಿತೆಗೆ ಬೆಂಕಿ ಕೊಟ್ಟವನು ನಾನೇ. ನೀರು ಕೊಡಲಿಲ್ಲ. ಸ್ನಾನ ಮಾಡಿ ಒದ್ದೆ ಬಟ್ಟೆಯಲ್ಲಿ ಮೆಟ್ಟಿಲ ಮೇಲೆ ಕೂತಿದ್ದೆ, ದೂರದ ನೆಂಟನೊಬ್ಬ ಹತ್ತಿರ ಬಂದ. ಮುಖದಲ್ಲಿ ತುಂಬ ಕನಿಕರ ಇತ್ತು. ಸಮಾಧಾನ ಹೇಳುತ್ತಾನೆ ಎಂದುಕೊಂಡೆ.

"ಪಾಸ್‌ವರ್ಡ್ ಚೇಂಜ್ ಮಾಡಿದ್ರಾ?" ಎಂದು ಕೇಳಿದ.

ಎದ್ದು ಒಳಗೆ ಹೋದೆ. ಬಾಯಿ ತೆರೆದಿದ್ದರೆ ಏನು ಬರುತ್ತಿತ್ತೋ. ಬಚ್ಚಲಿಗೆ ಹೋಗಿ ಎರಡು ಸಲ ಬಾಯಿ ಮುಕ್ಕಳಿಸಿದೆ. ಆ ಹೇಸಿಗೆ ಅವನ ಮೇಲೆಯೇ ಎಂದು ಅಂದು ನಂಬಿದ್ದೆ. ಅವನು ಮಾಡಿದ್ದಾದರೂ ಏನು, ಹಿಂದೆ ಕೊಟ್ಟದ್ದನ್ನೇ ಇನ್ನೊಮ್ಮೆ ಕೇಳಿದ, ಅಷ್ಟೇ. ಕೊಟ್ಟವನು ನಾನು. ತೂಗಿಸಿದವನು ನಾನು. ಕೆಳಗೆ ಕರೆಯುತ್ತಿದ್ದಾಗ ಮೇಲ್ಗಡೆ ಚಕ್ರ ನೋಡುತ್ತ ನಿಂತವನೂ ನಾನೇ. ಅಂಗಳದವರ ತಲೆ ಬಗ್ಗಿದ್ದು ಕಂಡಿತು, ನನ್ನದು ನನಗೆ ಕಾಣಲಿಲ್ಲ.

ಕೇಬಲಿನವನು ಮೂರನೆಯ ದಿನ ಬಂದು ಸರಿಮಾಡಿದ. ನೀರು ಕುಡಿಯುತ್ತ, "ಮೊಬೈಲು ಚೆಂದ ಕೆಲಸ ಮಾಡಿತಾ ಅಣ್ಣ?" ಎಂದು ಕೇಳಿದ. ಹೌದು ಎಂದೆ. ಅವನು ಹೋದ ಮೇಲೆ ಅಮ್ಮನ ಉತ್ತರಕ್ರಿಯೆಯ ಕಾಗದ ಮಾಡಲು ಕೂತೆ. ಹಿಂದೆ ಇನ್ನಾರಿಗೋ ಮಾಡಿದ್ದನ್ನು ತೆರೆದು, ಹೆಸರು ಅಳಿಸಿ ಅಮ್ಮನ ಹೆಸರು ಹಾಕಿ, ಫೋಟೋ ತೆಗೆದು ಅಮ್ಮನ ಫೋಟೋ ಕೂರಿಸಿದೆ. ಕೆಳಗೆ ದುಃಖತಪ್ತರು ಎಂದು ನನ್ನ ಹೆಸರು, ತಮ್ಮನ ಹೆಸರು. ಮಂಚವಿದ್ದ ಜಾಗ ಖಾಲಿ, ಗೋಡೆಯಲ್ಲಿ ಕ್ಯಾಮರಾದ ದೀಪ ಮತ್ತೆ ಹಸಿರಾಗಿತ್ತು. ಇನ್ನು ಅದಕ್ಕೇನು ಕೆಲಸ, ಉತ್ತರಕ್ರಿಯೆ ಕಳೆದ ಮೇಲೆ ಬಿಚ್ಚಿಸಬೇಕು ಎಂದುಕೊಂಡೆ.

ಉತ್ತರಕ್ರಿಯೆ ಕಳೆದು ಒಂದು ವಾರದ ಮೇಲೆ, ಬೆಳಿಗ್ಗೆ ಚಾ ಕುಡಿಯುವ ಹೊತ್ತಿಗೆ ತಮ್ಮನ ಫೋನು ಬಂತು. ಕ್ಯಾಮರಾ ಬಿಚ್ಚಿಸುವ ವಿಷಯ ನಾನೇ ಎತ್ತಿದೆ.

"ಈಗ ಬಿಚ್ಚಬೇಡ ಅಣ್ಣ" ಎಂದ. "ಅದರ ಒಳಗೆ ಕಾರ್ಡ್ ಉಂಟು. ನೆಟ್ ಇಲ್ಲದಾಗಲೂ ಅದು ಅದರಲ್ಲಿ ರೆಕಾರ್ಡ್ ಆಗ್ತಾ ಇರ್ತದೆ. ನನಗೂ ಗೊತ್ತಿರ್ಲಿಲ್ಲ. ಮೊನ್ನೆ ಹುಡುಕಿದ್ರೆ ಆ ದಿನದ್ದು ಪೂರ್ತಿ ಸಿಕ್ಕಿತು."

ಕೆಂಪು ದೀಪ ಮಿಣುಕುತ್ತಿದ್ದುದು ನೆನಪಾಯಿತು. ಕಣ್ಣು ಮುಚ್ಚಿದೆ ಎಂದು ನಾನು ಅಂದುಕೊಂಡದ್ದು ಕಣ್ಣು ಬಿಟ್ಟೇ ಕೂತಿತ್ತು. ಚಾ ಲೋಟವನ್ನು ಕೆಳಗಿಟ್ಟೆ.

"ಮಾವ ನನ್ನ ಹೆಸರು ಹೇಳಿ ನೀರು ಬಿಟ್ಟದ್ದು ಕೇಳಿಸ್ತದೆ" ಎಂದ. ಆಮೇಲೆ, "ನಿನ್ನ ಹೆಸರು ಹೇಳಿದ್ದೂ ಕೇಳಿಸ್ತದೆ" ಎಂದ.

  ಅವನು ಬೈಯಲಿ ಎಂದು ಕಾದೆ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಬಹುದಿತ್ತು, ಅವನಿಗಾಗಿಯೇ ತಾನೇ ಓಡಾಡಿದ್ದು ಎನ್ನಬಹುದಿತ್ತು. ಅವನು ಬೈಯಲಿಲ್ಲ.

"ನಾನಾದ್ರೂ ನೋಡಿದೆ ಅಣ್ಣ, ತಡವಾದ್ರೂ" ಎಂದ. "ಅಮ್ಮನ ಮುಖ ಚೆಂದ ಕಾಣ್ತದೆ. ನೀನು ನೋಡ್ಲಿಲ್ಲ ಅಲ್ವಾ. ನಿನಗೆ ಕಳಿಸ್ತೇನೆ."

ಕಳಿಸಿದ. ಫೈಬರ್ ಚೆನ್ನಾಗಿತ್ತು, ಒಂದು ನಿಮಿಷದಲ್ಲಿ ಬಂದು ಮುಟ್ಟಿತು. ಇಂದಿನವರೆಗೂ ನಾನು ಅದನ್ನು ತೆರೆದಿಲ್ಲ.